ಅಂಗಡಿ ಹಳೆಯದು, ನೆಲ ಯಾರದು?

ಮಹಾತ್ಮ ಗಾಂಧಿ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಮುತ್ತಲ ಹಳೆಯ ಅಂಗಡಿಗಳು ಗಿರಾಕಿಗಳಿಲ್ಲದೆ ಬಾಗಿಲು ಹಾಕಿದವಲ್ಲ. ಅವುಗಳ ಅಳಿವು ಉಳಿವನ್ನು ನಿರ್ಧರಿಸಿದ ಲೆಕ್ಕವೇ ಬೇರೆ.

2009ರ ಏಪ್ರಿಲ್ 5, ಭಾನುವಾರ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಆ ವಿಳಾಸದಲ್ಲಿ ಕಾಫಿ ಕೊಟ್ಟ ಕೊನೆಯ ದಿನ. 1959ರಿಂದ ಐವತ್ತು ವರ್ಷ ಅದೇ ಜಾಗದಲ್ಲಿದ್ದ ಹೋಟೆಲಿನಲ್ಲಿ ಅಂದು ಕುರ್ಚಿ ಸಿಗುವುದೇ ಕಷ್ಟವಾಗಿತ್ತು. ಬಿಳಿ ಸಮವಸ್ತ್ರ, ತಲೆಗೆ ರುಮಾಲು, ಸೊಂಟಕ್ಕೆ ಅಗಲವಾದ ಪಟ್ಟಿ ಧರಿಸಿದ ಬೇರರ್‌ಗಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮುಚ್ಚಿಹೋಗುವ ಹೋಟೆಲಿನಲ್ಲಿ ಅಷ್ಟೊಂದು ಜನ!

ಸುಮಾರು ಹತ್ತು ವರ್ಷಗಳ ನಂತರ ಅಲ್ಲೇ ಸಮೀಪದಲ್ಲಿ ಅಂಥದೇ ಇನ್ನೊಂದು ದೃಶ್ಯ. 2018ರ ಡಿಸೆಂಬರ್ 31ರಂದು ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರ ಕೊನೆಯ ಆಟ ತೋರಿಸಿತು. ಹಾಲಿವುಡ್ಡಿನ 'ಅಕ್ವಾಮ್ಯಾನ್' ಚಿತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಆ ಚಿತ್ರಮಂದಿರವನ್ನು ನೋಡಲೆಂದೇ ಹಳೆಯ ಪ್ರೇಕ್ಷಕರು ಬಂದಿದ್ದರು. ಮಾರನೆಯ ದಿನದಿಂದ ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್ ಇರಲಿಲ್ಲ.

ಹಳೆಯ ಅಂಗಡಿ, ಹೋಟೆಲು ಮುಚ್ಚಿದಾಗಲೆಲ್ಲ ನಾವು ಸಾಮಾನ್ಯವಾಗಿ ಹೇಳುವ ಮಾತು ಒಂದೇ. "ಕಾಲ ಬದಲಾಯಿತು, ಜನರ ಅಭಿರುಚಿ ಬದಲಾಯಿತು". ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮಾಲ್‌ಗಳಲ್ಲಿ ಬಂದ ಮಲ್ಟಿಪ್ಲೆಕ್ಸ್‌ಗಳು ಒಂಟಿ ಪರದೆಯ ಚಿತ್ರಮಂದಿರಗಳ ಪ್ರೇಕ್ಷಕರನ್ನು ಸೆಳೆದದ್ದು ನಿಜ, ಪುಸ್ತಕ ಕೊಳ್ಳುವವರಲ್ಲಿ ಅನೇಕರು ಅಂತರಜಾಲಕ್ಕೆ ಹೋದದ್ದೂ ನಿಜ. ಆದರೆ ಕಾಫಿ ಕುಡಿಯುವ ಅಭಿರುಚಿ ಬೆಂಗಳೂರಿನಲ್ಲಿ ಯಾವಾಗ ಬದಲಾಯಿತು? ಹೋಟೆಲು ತುಂಬಿರುವಾಗಲೇ ಬಾಗಿಲು ಹಾಕಬೇಕಾಗುವುದು ಏಕೆ? ಇದಕ್ಕೆ ಉತ್ತರ ಗಲ್ಲಾಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಅಂಗಡಿ ನಿಂತಿರುವ ನೆಲದಲ್ಲಿ ಹುಡುಕಬೇಕು.

ಒಂದೇ ಮಗ್ಗುಲಿನ ಪೇಟೆ

ಬೆಂಗಳೂರಿನಲ್ಲಿ ಬಹಳ ಕಾಲ ಎರಡು ಊರುಗಳಿದ್ದವು. ಒಂದು, ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ. ಅಕ್ಕಿಪೇಟೆ, ಬಳೇಪೇಟೆ, ನಗರ್ತಪೇಟೆ ಹೀಗೆ ಸರಕಿನ ಹೆಸರನ್ನೋ ಸಮುದಾಯದ ಹೆಸರನ್ನೋ ಹೊತ್ತ ಬೀದಿಗಳ ಊರು. ಇನ್ನೊಂದು, 1809ರಲ್ಲಿ ಬ್ರಿಟಿಷರು ತಮ್ಮ ಸೇನೆಗಾಗಿ ಪೇಟೆಯ ಪೂರ್ವಕ್ಕೆ ನೆಲೆಗೊಳಿಸಿದ ದಂಡು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯ ಬರಲು ಕೆಲವೇ ದಿನಗಳಿದ್ದಾಗ. ಎರಡು ಊರುಗಳಿಗೂ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ.

ದಂಡಿನ ನಡುವೆ ಸೈನಿಕರ ಕವಾಯತಿಗೆಂದು ವಿಶಾಲವಾದ ಪೆರೇಡ್ ಮೈದಾನವಿತ್ತು. ಅದರ ದಕ್ಷಿಣ ಅಂಚಿನ ರಸ್ತೆಗೆ ಸೌತ್ ಪೆರೇಡ್ ಎಂದೇ ಹೆಸರು. ಗಾಂಧೀಜಿಯವರ ಹತ್ಯೆಯಾದ 1948ರಲ್ಲಿ ಅದಕ್ಕೆ ಮಹಾತ್ಮ ಗಾಂಧಿ ರಸ್ತೆ ಎಂದು ಹೊಸ ಹೆಸರಿಟ್ಟರು.

ರಸ್ತೆಯ ಈ ಹುಟ್ಟು ಅದರ ವ್ಯಾಪಾರದ ಸ್ವರೂಪವನ್ನೂ ನಿರ್ಧರಿಸಿತು. ಮೈದಾನದ ಉದ್ದಕ್ಕೂ ಉತ್ತರ ದಿಕ್ಕಿನ ನೆಲ ಸೇನೆಯದು. ಅಲ್ಲಿ ಅಂಗಡಿಗೆ ಅವಕಾಶವಿಲ್ಲ. ಮರಗಳ ಸಾಲು, ಕಾಗದದ ಹೂವಿನ ಬಳ್ಳಿ, ಕಲ್ಲುಬೆಂಚುಗಳಿದ್ದ ಕಾಲುದಾರಿಯಷ್ಟೇ ಆ ಕಡೆ ಇತ್ತು. ಅಂಗಡಿಗಳೆಲ್ಲ ದಕ್ಷಿಣ ಮಗ್ಗುಲಿನಲ್ಲಿ. ನಗರದ ಅತ್ಯಂತ ಹೆಸರಾದ ರಸ್ತೆಯ ಈ ಭಾಗದಲ್ಲಿ ವ್ಯಾಪಾರಕ್ಕೆ ಸಿಗುವುದು ಅರ್ಧ ರಸ್ತೆ ಮಾತ್ರ. ಕೊಳ್ಳುವವರು ಎಲ್ಲ ಕಡೆಯಿಂದ ಬರುತ್ತಾರೆ, ಅಂಗಡಿಗೆ ಜಾಗ ಒಂದೇ ಕಡೆ. ಇಂಥಲ್ಲಿ ನೆಲದ ಬೆಲೆ ಏರದೆ ಇರುವುದು ಸಾಧ್ಯವೇ ಇರಲಿಲ್ಲ.

ಹಾಗಾಗಿಯೇ ವ್ಯಾಪಾರ ಹಿಂದಿನ ಬೀದಿಗೂ ಹರಡಿತು. ಸೇಂಟ್ ಮಾರ್ಕ್ಸ್ ರಸ್ತೆಯಿಂದ ಬ್ರಿಗೇಡ್ ರಸ್ತೆಯವರೆಗೆ, ಮಹಾತ್ಮ ಗಾಂಧಿ ರಸ್ತೆಗೆ ಸಮಾನಾಂತರವಾಗಿ ಸಾಗುವ ಚರ್ಚ್ ಸ್ಟ್ರೀಟ್ ಒಂದು ಕಿಲೋಮೀಟರಿಗಿಂತ ಕಡಿಮೆ ಉದ್ದದ ಬೀದಿ. ಮುಂದಿನ ರಸ್ತೆಯ ಬಾಡಿಗೆ ಕೊಡಲಾಗದವರಿಗೆ ಅದು ಆಶ್ರಯ ಕೊಟ್ಟಿತು.

ಪುಸ್ತಕದ ಗುಡ್ಡದ ನಡುವೆ

ಈ ನಾಲ್ಕಾರು ಬೀದಿಗಳಲ್ಲಿ ನೂರು ವರ್ಷದಲ್ಲಿ ಎಂತೆಂಥ ಅಂಗಡಿಗಳು ಬಂದವು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ ಬಂದದ್ದು 1905ರಲ್ಲಿ. ಪ್ಲಾಜಾ ಚಿತ್ರಮಂದಿರ 1936ರಲ್ಲಿ ತೆರೆಯಿತು. ಕೆ.ಬಿ.ಕೆ. ರಾವ್ ಅವರು 1945ರಲ್ಲಿ ಆರಂಭಿಸಿದ ಸೆಲೆಕ್ಟ್ ಬುಕ್ ಶಾಪ್, ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿ ಹಳೆಯ ಮತ್ತು ಅಪರೂಪದ ಪುಸ್ತಕಗಳಿಗೆ ಹೆಸರಾಯಿತು. ಎಂಜಿನಿಯರ್ ಆಗಿದ್ದ ಅವರ ಮಗ ಕೆ.ಕೆ.ಎಸ್. ಮೂರ್ತಿ ಅದನ್ನು ಬೆಳೆಸಿದರು. ಅಲಸೂರು ಕೆರೆಯ ಹತ್ತಿರ 1930ರಲ್ಲಿ ಹುಟ್ಟಿದ ಲೇಕ್‌ವ್ಯೂ ಮಿಲ್ಕ್ ಬಾರ್, ಕೆರೆಯ ನೋಟವನ್ನು ಬಿಟ್ಟು ಹೆಸರನ್ನು ಮಾತ್ರ ಕಟ್ಟಿಕೊಂಡು 1960ರ ದಶಕದಲ್ಲಿ ಮಹಾತ್ಮ ಗಾಂಧಿ ರಸ್ತೆಗೆ ಬಂತು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಪತ್ರಕರ್ತರ, ಕಲಾವಿದರ, ವಕೀಲರ ಅಡ್ಡೆಯಾಯಿತು.

ಇವುಗಳ ನಡುವೆ ಹೆಚ್ಚು ಜನರ ಮನಸ್ಸಿನಲ್ಲಿ ಉಳಿದಿರುವುದು ಬಹುಶಃ ಪ್ರೀಮಿಯರ್ ಬುಕ್ ಶಾಪ್. ಮುಂಬೈಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್‌ನಲ್ಲಿ ಪಳಗಿದ ಟಿ.ಎಸ್. ಶಾನಭಾಗ ಅವರು 1971ರಲ್ಲಿ ಮ್ಯೂಸಿಯಂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟ್ ಕೂಡುವಲ್ಲಿ ತೆರೆದ ಚಿಕ್ಕ ಅಂಗಡಿ ಅದು. ಒಳಗೆ ಕಪಾಟುಗಳಿಗಿಂತ ರಾಶಿಗಳೇ ಹೆಚ್ಚು. ನೆಲದಿಂದ ಎದೆಮಟ್ಟಕ್ಕೆ ಪುಸ್ತಕಗಳ ಗುಡ್ಡ, ನಡುವೆ ಒಬ್ಬರು ಮೈ ಸೋಕಿಸಿಕೊಂಡು ನಡೆಯುವಷ್ಟು ದಾರಿ. ಯಾವ ಪುಸ್ತಕ ಯಾವ ಗುಡ್ಡದ ಯಾವ ಪದರದಲ್ಲಿದೆ ಎಂಬುದು ಶಾನಭಾಗರಿಗೆ ಬಾಯಿಪಾಠ. ಕೇಳದೆಯೇ ರಿಯಾಯಿತಿ. ಗಿರೀಶ ಕಾರ್ನಾಡ, ಯು.ಆರ್. ಅನಂತಮೂರ್ತಿ, ರಾಮಚಂದ್ರ ಗುಹಾ ಅವರಂಥವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರಿಗೂ ಒಂದೇ ಬಗೆಯ ಮೆಲುದನಿಯ ಸ್ವಾಗತ.

ಆ ಅಂಗಡಿಯೂ 2009ರಲ್ಲಿ ಮುಚ್ಚಿತು. ಕಾಫಿ ಹೌಸ್ ಜಾಗ ಬಿಟ್ಟ ವರ್ಷವೇ. ಪುಸ್ತಕ ಕೊಳ್ಳುವವರು ಕಡಿಮೆಯಾಗಿರಲಿಲ್ಲ. ಬಾಡಿಗೆ ಕರಾರಿನ ಅವಧಿ ಮುಗಿಯುತ್ತ ಬಂದಿತ್ತು, ಹೊರಗೆ ಮೆಟ್ರೊ ಕಾಮಗಾರಿ ಆರಂಭವಾಗಿತ್ತು, ಶಾನಭಾಗರಿಗೂ ವಯಸ್ಸಾಗಿತ್ತು. ಬೇರೆಡೆ ಮತ್ತೊಮ್ಮೆ ಮೊದಲಿನಿಂದ ಆರಂಭಿಸುವ ಉತ್ಸಾಹ ಯಾರಿಗಾದರೂ ಎಲ್ಲಿಂದ ಬರಬೇಕು? 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ ಅವರು ತೀರಿಕೊಂಡಾಗ, ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿದ್ದರೂ ಗಿರಾಕಿಗಳು ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಅವರನ್ನು ನೆನೆದರು.

ಕಪ್ಪಿನ ಲೆಕ್ಕ, ಚದರಡಿಯ ಲೆಕ್ಕ

ವ್ಯಾಪಾರ ಚೆನ್ನಾಗಿದ್ದರೂ ಅಂಗಡಿ ಉಳಿಯದಿರುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ಹಾಕಿಕೊಂಡವು.

ಒಂದು ಸಾವಿರ ಚದರಡಿಯ ಒಂದು ಹೋಟೆಲಿದೆ ಎಂದುಕೊಳ್ಳೋಣ. ಹಳೆಯ ಕರಾರಿನಂತೆ ಚದರಡಿಗೆ ತಿಂಗಳಿಗೆ 10 ರೂಪಾಯಿ ಬಾಡಿಗೆ, ಅಂದರೆ ತಿಂಗಳಿಗೆ 10,000 ರೂಪಾಯಿ. ಒಂದು ಕಪ್ ಕಾಫಿಯಲ್ಲಿ ಹಾಲು, ಪುಡಿ, ಸಕ್ಕರೆ, ಗ್ಯಾಸು, ಸಂಬಳ ಎಲ್ಲ ಕಳೆದು 5 ರೂಪಾಯಿ ಉಳಿಯುತ್ತದೆ ಎಂದಾದರೆ, ಬಾಡಿಗೆಗಾಗಿ ತಿಂಗಳಿಗೆ 2,000 ಕಪ್, ದಿನಕ್ಕೆ ಸುಮಾರು 67 ಕಪ್ ಮಾರಿದರೆ ಸಾಕು. ಬೆಳಗಿನ ಒಂದು ಗಂಟೆಯ ವ್ಯಾಪಾರ.

ಈಗ ಆ ಬೀದಿಯ ಬಾಡಿಗೆ ಚದರಡಿಗೆ 200 ರೂಪಾಯಿ ಆಯಿತು ಎನ್ನೋಣ. ತಿಂಗಳ ಬಾಡಿಗೆ 2 ಲಕ್ಷ. ಅದನ್ನು ಹುಟ್ಟಿಸಲು ತಿಂಗಳಿಗೆ 40,000 ಕಪ್, ದಿನಕ್ಕೆ 1,333 ಕಪ್ ಮಾರಬೇಕು. ದಿನಕ್ಕೆ ಹನ್ನೆರಡು ಗಂಟೆ ತೆರೆದಿಟ್ಟರೂ ನಿಮಿಷಕ್ಕೆ ಸುಮಾರು ಎರಡು ಕಪ್. ಅದು ಬಾಡಿಗೆಗೆ ಮಾತ್ರ, ಮಾಲೀಕನ ಜೇಬಿಗೆ ಇನ್ನೂ ಒಂದು ಕಾಸು ಬಂದಿಲ್ಲ. ಜತೆಗೆ, ಕಾಫಿ ಹೌಸಿನಂಥ ಜಾಗದಲ್ಲಿ ಗಿರಾಕಿ ಒಂದು ಕಪ್ ಮುಂದಿಟ್ಟುಕೊಂಡು ಒಂದು ಗಂಟೆ ಕೂರುತ್ತಾನೆ. ಯಾವ ಗುಣಕ್ಕಾಗಿ ಜನ ಆ ಹೋಟೆಲನ್ನು ಮೆಚ್ಚಿದರೋ ಅದೇ ಗುಣ ಹೊಸ ಲೆಕ್ಕದಲ್ಲಿ ನಷ್ಟದ ಬಾಬ್ತಾಗುತ್ತದೆ.

ಅದೇ ಜಾಗಕ್ಕೆ ಮೊಬೈಲು, ಆಭರಣ ಅಥವಾ ದೊಡ್ಡ ಬ್ರಾಂಡಿನ ಉಡುಪು ಮಾರುವವರು ಬಂದರೆ ಅವರ ಲೆಕ್ಕವೇ ಬೇರೆ. ಒಂದು ಮಾರಾಟದಲ್ಲಿ ಸಾವಿರಗಟ್ಟಲೆ ಉಳಿಯಬಹುದು. ಕೆಲವು ಕಂಪೆನಿಗಳಿಗಂತೂ ಹೆಸರಾದ ರಸ್ತೆಯಲ್ಲಿ ಮಳಿಗೆ ಇರುವುದೇ ಜಾಹೀರಾತು. ಲಾಭ ಬೇರೆ ಊರಿನ ಮಳಿಗೆಯಿಂದ ಬಂದರೂ ನಡೆಯುತ್ತದೆ. ಒಂದೇ ಅಂಗಡಿಯಿಂದ ಬದುಕುವವನು ಅವರ ಜತೆ ಬಾಡಿಗೆಯಲ್ಲಿ ಪೈಪೋಟಿ ಮಾಡಲಾರ.

ಸ್ವಂತ ಕಟ್ಟಡವಿದ್ದವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಮಹಡಿಗಳನ್ನು ಕಟ್ಟಬಹುದು ಎಂಬುದನ್ನು ನಗರ ಯೋಜನೆಯ ನಿಯಮಗಳು ಹೇಳುತ್ತವೆ. ಎಫ್‌ಎಆರ್ ಎಂದು ಕಟ್ಟಡದವರು ಕರೆಯುವುದು ಇದನ್ನೇ. 5,000 ಚದರಡಿಯ ನಿವೇಶನದಲ್ಲಿ 3,000 ಚದರಡಿಯ ಹಳೆಯ ಹೆಂಚಿನ ಕಟ್ಟಡವಿದ್ದು, ಮೂರು ಪಟ್ಟು ಕಟ್ಟಲು ಅನುಮತಿ ಇದ್ದರೆ 15,000 ಚದರಡಿ ಕಟ್ಟಬಹುದು. ಅಂದರೆ ಹಳೆಯ ಕಟ್ಟಡ ತಲೆಯ ಮೇಲಿನ 12,000 ಚದರಡಿಯನ್ನು ಖಾಲಿ ಬಿಟ್ಟುಕೊಂಡು ನಿಂತಿದೆ. ತಂದೆ ಇದ್ದಷ್ಟು ದಿನ ಅಂಗಡಿ ನಡೆಯುತ್ತದೆ. ನಾಲ್ಕು ಮಕ್ಕಳ ನಡುವೆ ಪಾಲಾಗುವ ದಿನ ಆ ಖಾಲಿ ಜಾಗಕ್ಕೆ ಬಾಯಿ ಬರುತ್ತದೆ. ರೆಕ್ಸ್ ಚಿತ್ರಮಂದಿರ ಮುಚ್ಚಿದ್ದು ಆ ಜಾಗದಲ್ಲಿ ಮಾಲ್ ಕಟ್ಟಲೆಂದು.

ಹದಿನಾಲ್ಕು ಚದರ ಮೀಟರಿನ ಗೆರೆ

ಬಾಡಿಗೆ ಹೀಗೆ ಏರುವುದು ಹೊಸದೇನಲ್ಲ. ಆದರೆ 1960, 70, 80ರ ದಶಕಗಳಲ್ಲಿ ನೆಲದ ಬೆಲೆ ಏರುತ್ತಿದ್ದರೂ ಹಳೆಯ ಅಂಗಡಿಗಳು ಉಳಿದಿದ್ದವು. ಅದಕ್ಕೆ ಮುಖ್ಯ ಕಾರಣ ಒಂದು ಕಾನೂನು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲೀಕರು ತಮಗೆ ತೋಚಿದಂತೆ ಬಾಡಿಗೆದಾರರನ್ನು ಬಿಡಿಸುವಂತಿರಲಿಲ್ಲ. ಬಾಡಿಗೆ ಬಾಕಿ, ಒಳಬಾಡಿಗೆಗೆ ಕೊಟ್ಟಿರುವುದು, ಮಾಲೀಕರ ಸ್ವಂತ ಅಗತ್ಯ ಹೀಗೆ ಕಾಯ್ದೆಯಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು.

ಈ ಕಾಯ್ದೆಯಿಂದ ಮಾಲೀಕರಿಗೆ ಆದ ತೊಂದರೆಯನ್ನೂ ಹೇಳಬೇಕು. ತಂದೆಯ ಕಾಲದಲ್ಲಿ ನಿಗದಿಯಾದ ಬಾಡಿಗೆ ಮಗನ ಕಾಲದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಬಂದ ಬಾಡಿಗೆ ಸುಣ್ಣ ಬಣ್ಣಕ್ಕೂ ಸಾಲದೆ ಎಷ್ಟೋ ಕಟ್ಟಡಗಳು ಸೋರಿದವು. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಒಮ್ಮೆ ಕೊಟ್ಟರೆ ವಾಪಸು ಬಾರದು ಎಂಬ ಭಯದಿಂದ ಕೆಲವರು ಕಟ್ಟಡವನ್ನು ಖಾಲಿಯೇ ಇಟ್ಟುಕೊಂಡರು. ಕಾಯ್ದೆ ಬದಲಾಗಲಿ ಎಂಬ ಬೇಡಿಕೆಗೆ ಆಧಾರವಿತ್ತು.

ಬದಲಾದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999ರ ಮೂಲಕ. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಮನೆಗಳ ಬಗ್ಗೆ ಅದರಲ್ಲಿ ಹಲವು ವಿವರಗಳಿವೆ. ವ್ಯಾಪಾರಿಗಳ ಮಟ್ಟಿಗೆ ಮುಖ್ಯವಾದದ್ದು ಒಂದೇ ಗೆರೆ. ವ್ಯಾಪಾರಕ್ಕೆ ಬಳಸುವ ಜಾಗದ ವಿಸ್ತೀರ್ಣ 14 ಚದರ ಮೀಟರಿಗಿಂತ ಹೆಚ್ಚಾಗಿದ್ದರೆ ಆ ಕಾಯ್ದೆಯ ರಕ್ಷಣೆ ಇಲ್ಲ. 14 ಚದರ ಮೀಟರೆಂದರೆ ಸುಮಾರು 150 ಚದರಡಿ. ಬೀಡಾ ಅಂಗಡಿಯೋ ಒಬ್ಬ ದರ್ಜಿಯ ಅಂಗಡಿಯೋ ಈ ಅಳತೆಯೊಳಗೆ ಬರಬಹುದು. ಹೋಟೆಲು, ಬೇಕರಿ, ಪುಸ್ತಕದಂಗಡಿ, ಜವಳಿ ಅಂಗಡಿಗಳು ಸಾಮಾನ್ಯವಾಗಿ ಬರುವುದಿಲ್ಲ.

ಗೆರೆಯ ಆಚೆಗೆ ಹೋದವರಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬರಹದಲ್ಲಿ ಕರಾರಿದ್ದು ಅದು ನೋಂದಣಿಯಾಗಿದ್ದರೆ ಅದರಲ್ಲಿರುವ ಅವಧಿ ನಡೆಯುತ್ತದೆ. ಇಲ್ಲದಿದ್ದರೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಎಂದು ಲೆಕ್ಕ, ಬಿಡಿಸಲು 15 ದಿನಗಳ ನೋಟಿಸು ಸಾಕು. ಹಳೆಯ ಅಂಗಡಿಗಳಲ್ಲಿ ಎಷ್ಟೋ ನಡೆದದ್ದು ಇಬ್ಬರು ಹಿರಿಯರ ನಡುವಿನ ಬಾಯಿಮಾತಿನ ಮೇಲೆ. ಆ ಹಿರಿಯರು ಹೋದ ಮೇಲೆ ಮಾತೂ ಹೋಯಿತು. ನಲವತ್ತು ವರ್ಷ ಒಂದೇ ಜಾಗದಲ್ಲಿದ್ದ ಅಂಗಡಿಗೆ ಕಾನೂನಿನ ಕಣ್ಣಿನಲ್ಲಿ ಇರುವುದು ಹದಿನೈದು ದಿನದ ಆಯುಸ್ಸು.

ಇದರ ಎದುರು ಒಂದು ಹೋಲಿಕೆಯನ್ನು ಗಮನಿಸಬಹುದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಕಾಲುದಾರಿಯ ಮೇಲೆ ಹಣ್ಣು ಮಾರುವವರನ್ನು ಸ್ಥಳೀಯ ಸಂಸ್ಥೆ ಎಬ್ಬಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ಆ ಕಾಯ್ದೆ ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದು ಬೇರೆ ಪ್ರಶ್ನೆ. ಆದರೆ ಬೀದಿಬದಿಯ ದುಡಿಮೆಯೂ ಒಂದು ಜೀವನೋಪಾಯ, ಅದಕ್ಕೂ ಕಾಲಾವಕಾಶ ಬೇಕು ಎಂದು ಕಾನೂನು ಒಪ್ಪಿಕೊಂಡಿದೆ. ಅದೇ ಬೀದಿಯ ಹಳೆಯ ಅಂಗಡಿಯ ವಿಷಯದಲ್ಲಿ ಅಷ್ಟನ್ನೂ ಒಪ್ಪಿಲ್ಲ.

ಮೆಟ್ರೊ ತಂದದ್ದು, ಒಯ್ದದ್ದು

ಕಾನೂನು ಬಾಗಿಲು ತೆರೆದಿತ್ತು. ಬಂದ ಗಾಳಿ ಅಭಿವೃದ್ಧಿಯದು. ಮಾಹಿತಿ ತಂತ್ರಜ್ಞಾನದ ಹಣ ನಗರಕ್ಕೆ ಹರಿದ ವರ್ಷಗಳಲ್ಲೇ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೊ ರೈಲಿನ ಯೋಜನೆಯೂ ಬಂತು. ಉತ್ತರ ಮಗ್ಗುಲಿನ ಮರಗಳ ಸಾಲು, ಕಲ್ಲುಬೆಂಚು, ಕಾಲುದಾರಿ 2009ರಲ್ಲಿ ಹೋದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಗರದ ಮೊದಲ ಮೆಟ್ರೊ ಓಡಿತು. ಕಳೆದುಹೋದ ಕಾಲುದಾರಿಯ ಜಾಗದಲ್ಲಿ, ಮೆಟ್ರೊ ಸೇತುವೆಯ ಕೆಳಗೆ 2013ರಲ್ಲಿ ರಂಗೋಲಿ ಕಲಾಕೇಂದ್ರ ತೆರೆಯಿತು. ಮುಂದೆ ಸುರಂಗದ ನಿಲ್ದಾಣಕ್ಕಾಗಿ 2019ರಲ್ಲಿ ಕಾಮರಾಜ ರಸ್ತೆಯನ್ನು ಮುಚ್ಚಿದ್ದು ವರ್ಷಗಟ್ಟಲೆ ಮುಂದುವರಿಯಿತು.

ಮೆಟ್ರೊ ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ಆದರೆ ಇಂಥ ಕಾಮಗಾರಿ ದೊಡ್ಡ ಅಂಗಡಿಯನ್ನೂ ಸಣ್ಣ ಅಂಗಡಿಯನ್ನೂ ಒಂದೇ ರೀತಿ ತಟ್ಟುವುದಿಲ್ಲ. ರಸ್ತೆ ಅಗೆದಿರುವ ಎರಡು ಮೂರು ವರ್ಷ ಗಿರಾಕಿ ಬರುವುದಿಲ್ಲ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಆ ವರ್ಷಗಳನ್ನು ಸಾಲದ ಮೇಲೋ ಬೇರೆ ಮಳಿಗೆಗಳ ಆದಾಯದ ಮೇಲೋ ದಾಟಬಲ್ಲವರು ದಾಟುತ್ತಾರೆ. ಕಾಮಗಾರಿ ಮುಗಿದು ಜನ ಮೊದಲಿಗಿಂತ ಹೆಚ್ಚಾಗಿ ಬರತೊಡಗಿದಾಗ ಬಾಡಿಗೆಯೂ ಮೊದಲಿಗಿಂತ ಹೆಚ್ಚು. ಕಷ್ಟದ ಪಾಲು ಹಳಬರಿಗೆ, ಲಾಭದ ಪಾಲು ಹೊಸಬರಿಗೆ.

ಚರ್ಚ್ ಸ್ಟ್ರೀಟ್ ಕೂಡ ಇದೇ ದಾರಿಯಲ್ಲಿ ಸಾಗಿತು. ಕಲ್ಲು ಹಾಸಿ, ಕಾಲುದಾರಿ ಅಗಲ ಮಾಡಿ 2018ರಲ್ಲಿ ಹೊಸ ರೂಪದಲ್ಲಿ ಅದನ್ನು ತೆರೆದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನೇ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಟ್ಟದ್ದೂ ಉಂಟು. ಬೀದಿ ಚೆಂದವಾಯಿತು. ಒಂದು ಕಾಲದಲ್ಲಿ ಮುಂದಿನ ರಸ್ತೆಯ ಬಾಡಿಗೆಗೆ ಹೆದರಿದವರ ಆಶ್ರಯವಾಗಿದ್ದ ಹಿಂದಿನ ಬೀದಿಯೇ ಈಗ ಮುಂದಿನ ಬೀದಿಯಾಗಿದೆ.

ಉಳಿದವರು ಉಳಿದದ್ದು ಹೇಗೆ?

ಎಲ್ಲವೂ ಹೋಯಿತು ಎಂದು ಹೇಳುವುದು ಸರಿಯಲ್ಲ. ಉಳಿದವರೂ ಇದ್ದಾರೆ. ಅವರು ಉಳಿದ ದಾರಿಗಳನ್ನು ನೋಡಿದರೆ ಮೇಲಿನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಒಂದು ದಾರಿ, ಜಾಗ ಬಿಟ್ಟರೂ ಬಡಾವಣೆ ಬಿಡದಿರುವುದು. ಕಾಫಿ ಹೌಸ್ ಮಾಡಿದ್ದು ಇದನ್ನೇ. ಮಹಾತ್ಮ ಗಾಂಧಿ ರಸ್ತೆಯ ಬಾಡಿಗೆ ಕಟ್ಟಡ ಬಿಟ್ಟು ಅದೇ ವರ್ಷ ಚರ್ಚ್ ಸ್ಟ್ರೀಟಿನ ಸಂಕೀರ್ಣವೊಂದರಲ್ಲಿ ಮತ್ತೆ ತೆರೆಯಿತು. ಹಳೆಯ ಗಿರಾಕಿಗಳು ಐದು ನಿಮಿಷ ಹೆಚ್ಚು ನಡೆದರೆ ಸಾಕಿತ್ತು. ಅದರ ಹಿಂದೆ ಇನ್ನೊಂದು ಬಲವೂ ಇತ್ತು. ಕಾಫಿ ಮಂಡಳಿ 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅಂಥ ಮೊದಲ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಕಾಫಿ ತಂದುಕೊಡುವವರೇ ಸಂಘದ ಸದಸ್ಯರು. ಮಾಲೀಕ ಬೇಸತ್ತು ಮಾರಿಬಿಡುವ, ಮಕ್ಕಳು ಪಾಲು ಕೇಳುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಕಟ್ಟಡ ತಮ್ಮದಲ್ಲದಿದ್ದರೂ ಸಂಸ್ಥೆ ತಮ್ಮದಾಗಿತ್ತು.

ಎರಡನೆಯ ದಾರಿ, ಹೊಸಬರು ಹಳೆಯ ಕಸುಬನ್ನು ಕೈಗೆತ್ತಿಕೊಳ್ಳುವುದು. ಮಹಾತ್ಮ ಗಾಂಧಿ ರಸ್ತೆಯ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿ ಗೌಡ, 2000ರ ದಶಕದ ಆರಂಭದಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಬುಕ್ ಹೌಸ್ ತೆರೆದರು. ಅಂಥದೇ ಹಾದಿಯಲ್ಲಿ ಕೃಷ್ಣ ಗೌಡ ಅವರ ಬುಕ್‌ವರ್ಮ್ ಬಂತು. ಪ್ರೀಮಿಯರ್ ಮುಚ್ಚಿದ ಮೇಲೂ ಚರ್ಚ್ ಸ್ಟ್ರೀಟ್ ಪುಸ್ತಕದ ಬೀದಿ ಎಂಬ ಹೆಸರು ಉಳಿಸಿಕೊಂಡದ್ದು ಇಂಥವರಿಂದ. ಪುಸ್ತಕ ಓದುವವರಿಲ್ಲದ್ದರಿಂದ ಪುಸ್ತಕದಂಗಡಿ ಮುಚ್ಚಿತು ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಮೂರನೆಯದು, ಕಟ್ಟಡ ಉಳಿದು ಕಸುಬು ಹೋಗುವುದು. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಬ್ರಿಟಿಷರ ಕಾಲದ ಆಪೆರಾ ಹೌಸ್ ಇದೆ. ನಾಟಕ, ಸಿನಿಮಾಗಳನ್ನು ಕಂಡ ಆ ಕಟ್ಟಡ ಬಹಳ ವರ್ಷ ಪಾಳುಬಿದ್ದಿತ್ತು. ದುರಸ್ತಿ ಮಾಡಿ ಅದನ್ನು 2018ರಲ್ಲಿ ತೆರೆದದ್ದು ಮೊಬೈಲ್ ಕಂಪೆನಿಯ ಮಳಿಗೆಯಾಗಿ. ಕಟ್ಟಡ ಬಿದ್ದುಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಕಟ್ಟಡ ಉಳಿಸುವುದೂ ಕಸುಬು ಉಳಿಸುವುದೂ ಬೇರೆ ಬೇರೆ ಎಂಬುದನ್ನು ಅದು ತೋರಿಸುತ್ತದೆ.

ನಮ್ಮ ಕಾನೂನುಗಳು ಬಲ್ಲದ್ದು ಮೊದಲನೆಯದನ್ನು ಮಾತ್ರ. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯ್ದೆ ದೇವಾಲಯ, ಕೋಟೆ, ಶಾಸನಗಳನ್ನು ಕಾಯುತ್ತದೆ. ಎಪ್ಪತ್ತು ವರ್ಷದ ಹೋಟೆಲನ್ನು ಕಾಯಲು ಅದರಲ್ಲಿ ಜಾಗವಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಸಾಮಾನ್ಯವಾಗಿ 30 ವರ್ಷಕ್ಕೂ ಮೇಲ್ಪಟ್ಟ, ಬಡಾವಣೆಯ ಬದುಕಿನಲ್ಲಿ ಬೆರೆತ ಅಂಗಡಿಗಳ ಪಟ್ಟಿ ಮಾಡಿ, ಅವುಗಳ ನೆರವಿಗೆ ನಿಧಿ ಸ್ಥಾಪಿಸಲು ಅಲ್ಲಿನ ಮತದಾರರೇ ಒಪ್ಪಿಗೆ ಕೊಟ್ಟರು. ಗಮನಿಸಬೇಕಾದ ಅಂಶವೆಂದರೆ, ಆ ನೆರವು ಅಂಗಡಿಯವರಿಗೆ ಮಾತ್ರವಲ್ಲ, ಅಂಥ ಅಂಗಡಿಗೆ ಕನಿಷ್ಠ 10 ವರ್ಷದ ಕರಾರು ಮಾಡಿಕೊಡುವ ಕಟ್ಟಡದ ಮಾಲೀಕರಿಗೂ ದೊರೆಯುವಂತೆ ಮಾಡಿದರು. ಮಾಲೀಕನನ್ನು ಕಟ್ಟಿಹಾಕಿದ ನಮ್ಮ ಹಳೆಯ ಕಾಯ್ದೆಗೂ, ಬಾಡಿಗೆದಾರನನ್ನು ಕೈಬಿಟ್ಟ ಹೊಸ ಕಾಯ್ದೆಗೂ ನಡುವೆ ಒಂದು ಹಾದಿ ಇದೆ ಎಂಬುದಕ್ಕೆ ಇದು ನಿದರ್ಶನ.

ಹೋಗುವುದೇನು?

ಒಂದು ಅಂಗಡಿ ಹೋದರೆ ಇನ್ನೊಂದು ಬರುತ್ತದೆ, ಇದರಲ್ಲಿ ನಷ್ಟವೇನು ಎಂದು ಕೇಳುವವರಿದ್ದಾರೆ. ಪೇಟೆ ಎಂದಮೇಲೆ ಬರುವುದು ಹೋಗುವುದು ಇದ್ದೇ ಇದೆ. ಸೌತ್ ಪೆರೇಡಿನ ಬ್ರಿಟಿಷ್ ಅಂಗಡಿಗಳು ಹೋಗಿಯೇ ನಮ್ಮವರ ಹೋಟೆಲು, ಚಿತ್ರಮಂದಿರಗಳು ಬಂದವು.

ವ್ಯತ್ಯಾಸ ಎಲ್ಲಿದೆಯೆಂದರೆ, ಹಿಂದೆ ಹೊಸ ಅಂಗಡಿ ಹುಟ್ಟುವುದಕ್ಕೂ ಜಾಗವಿತ್ತು. ಸಾಧಾರಣ ಸ್ಥಿತಿಯ ಒಬ್ಬ ಮನುಷ್ಯ ಸಾಲ ಸೋಲ ಮಾಡಿ ಒಂದು ಮೂಲೆ ಹಿಡಿದು, ಇಪ್ಪತ್ತು ವರ್ಷದಲ್ಲಿ ಆ ಬೀದಿಯ ಹೆಗ್ಗುರುತಾಗಬಹುದಿತ್ತು. ಶಾನಭಾಗರ ತಲೆಯಲ್ಲಿದ್ದ ಪುಸ್ತಕಗಳ ನಕ್ಷೆ, ಗಿರಾಕಿಯ ಮುಖ ನೋಡಿ ಕಾಫಿಗೆ ಸಕ್ಕರೆ ಎಷ್ಟೆಂದು ಹೇಳಬಲ್ಲ ಬೇರರ್‌ನ ನೆನಪು, ದುಡ್ಡು ತರುವುದು ಮರೆತರೆ "ನಾಳೆ ಕೊಡಿ ಸಾರ್" ಎನ್ನುವ ನಂಬಿಕೆ ಇವೆಲ್ಲ ಬೆಳೆಯಲು ಕಾಲ ಬೇಕು. ಮೂರು ವರ್ಷಕ್ಕೊಮ್ಮೆ ಕರಾರು ಮುಗಿದು, ಬಾಡಿಗೆ ಏರಿ, ಫಲಕ ಬದಲಾಗುವ ಬೀದಿಯಲ್ಲಿ ಅಂಥ ಕಾಲ ಯಾವ ಅಂಗಡಿಗೂ ಸಿಗುವುದಿಲ್ಲ.

ಇದು ದಂಡು ಪ್ರದೇಶದ ಕಥೆ ಮಾತ್ರವೂ ಅಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2012ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಬಡಾವಣೆಯ ಹಿರಿಯರು ಕೊನೆಯ ಬಾರಿಗೆ ತಿಂಡಿ ತಿನ್ನಲು ಬಂದರು. ಗಾಂಧಿ ಬಜಾರಿನಲ್ಲಿ 1943ರಿಂದ ಮಸಾಲೆ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಈಗಲೂ ಜನ ಕಾಯುತ್ತಾರೆ. ಸುತ್ತಲಿನ ರಸ್ತೆ, ಕಟ್ಟಡ, ನೆಲದ ಬೆಲೆ ಬದಲಾಗುತ್ತಲೇ ಇವೆ.

ಅಂಗಡಿಯ ಮುಂದಿನ ಸಾಲು ಅದರ ಆರೋಗ್ಯದ ಗುರುತು ಎಂದು ನಾವು ತಿಳಿದಿದ್ದೇವೆ. ಮಹಾತ್ಮ ಗಾಂಧಿ ರಸ್ತೆಯ ಅನುಭವ ಹೇಳುವುದು ಬೇರೆಯದನ್ನೇ. ಅಂದು ಕಾಫಿ ಹೌಸಿಗೆ ಬಂದವರು ಪ್ರೀತಿಯಿಂದಲೇ ಬಂದಿದ್ದರು, ತಲೆಗೊಂದು ಕಪ್ ಹೆಚ್ಚೇ ಕುಡಿದರು. ಬಾಡಿಗೆ ಕರಾರಿನ ಕಾಗದ ಮಾತ್ರ ಅವರಾರ ಕೈಯಲ್ಲೂ ಇರಲಿಲ್ಲ.